ಅಪ್ಪನಿಗೆ ಮೂರೂ ಕೌಂಟ್ ಕಮ್ಮಿ ಬಂದಿದೆ, ಬೋನ್ ಮ್ಯಾರೋ ಟೆಸ್ಟ್ ಮಾಡಿಸಲೇಬೇಕಾ?

ಮದ್ದೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯ ಕೇಳಬೇಕಿತ್ತು. ಅವರಿಗೆ 61 ವರ್ಷ. ಮದ್ದೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲೇ ಕಬ್ಬು, ಭತ್ತ ಬೆಳೆದುಕೊಂಡಿದ್ದಾರೆ. ಶುಗರ್ ಬಂದು ಹತ್ತು ವರ್ಷದ ಮೇಲಾಯಿತು, ಮೆಟ್‌ಫಾರ್ಮಿನ್ ಮಾತ್ರೆ ಬೆಳಿಗ್ಗೆ ಸಂಜೆ ತಪ್ಪಿಸುವುದಿಲ್ಲ. ಯುಗಾದಿ ಕಳೆದ ಮೇಲೆ ಸುಸ್ತು ಶುರುವಾಯಿತು. ನಾಲೆ ಏರಿ ಹತ್ತಿದರೆ ಏದುಸಿರು ಬರುತ್ತದೆ. ಪಾದ ಜುಮುಜುಮು ಅನ್ನುತ್ತದೆ ಅಂತ ಮೊದಲಿಂದಲೂ ಹೇಳುತ್ತಿದ್ದರು, ಶುಗರ್‌ಗೆ ಹಾಗೇ ಅಂತ ಎಲ್ಲರೂ ಹೇಳಿದರು.

ಈಗ ರಕ್ತ ಟೆಸ್ಟ್ ಮಾಡಿಸಿದರೆ ಹಿಮೋಗ್ಲೋಬಿನ್ 6.2, ಬಿಳಿ ರಕ್ತಕಣ 2,600, ಪ್ಲೇಟ್‌ಲೆಟ್ 58,000. ಮೂರೂ ಕಮ್ಮಿ. ಮಂಡ್ಯದಲ್ಲಿ ನೋಡಿದ ಡಾಕ್ಟರು ಬೋನ್ ಮ್ಯಾರೋ ಟೆಸ್ಟ್ ಬೇಕಾಗಬಹುದು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಹೊರಗೆ ಬಂದಾಗ ಪಕ್ಕದಲ್ಲಿ ಕೂತಿದ್ದವರು ಯಾರೋ ‘ಅದು ಬ್ಲಡ್ ಕ್ಯಾನ್ಸರ್‌ಗೆ ಮಾಡೋ ಟೆಸ್ಟು’ ಅಂದುಬಿಟ್ಟರು. ಅವತ್ತಿಂದ ಅಮ್ಮ ಊಟ ಸರಿಯಾಗಿ ಮಾಡುತ್ತಿಲ್ಲ. ಬೆನ್ನುಮೂಳೆಯಿಂದ ನೀರು ತೆಗೆದರೆ ಗಂಡಸರಿಗೆ ಮತ್ತೆ ಶಕ್ತಿ ಬರುವುದಿಲ್ಲ, ಗೇಯೋಕೆ ಆಗಲ್ಲ ಅಂತ ಸೋದರತ್ತೆ ಹೇಳುತ್ತಾರೆ. ದಿನಾ ಕಾಲು ಸೂಪ್ ಕೊಡಿ, ಪರಂಗಿ ಎಲೆ ರಸ ಕೊಡಿ, ಮೂಳೆ ಒಳಗಿನದನ್ನು ತಿಂದರೆ ಮೂಳೆ ಒಳಗಿನದು ಹುಟ್ಟುತ್ತದೆ ಅನ್ನುವುದು ಅವರ ವಾದ. ಅಪ್ಪ ಮಾಲೆ ಹಾಕಿದ ವರ್ಷದಿಂದ ಬಾಡು, ಮೊಟ್ಟೆ ಎರಡೂ ಬಿಟ್ಟಿದ್ದಾರೆ, ಅದೂ ಐದಾರು ವರ್ಷ ಆಯಿತು. ಈಗ ಅವರನ್ನು ಒಪ್ಪಿಸುವುದೂ ಕಷ್ಟ.

ಟೆಸ್ಟ್ ಮಾಡಿಸಲೇಬೇಕಾ? ಬೇರೆ ಏನಾದರೂ ಮೊದಲು ನೋಡಬಹುದಾ? ತಿಳಿದವರು ದಯವಿಟ್ಟು ಹೇಳಿ.

ಲ್ಯಾಬಿನವನು, ಮೈಸೂರು:

ಅಕ್ಕ, ಮೊದಲು ಒಂದು ಕೇಳುತ್ತೇನೆ. ಅದೇ ರಿಪೋರ್ಟ್‌ನಲ್ಲಿ ಎಂಸಿವಿ ಅಂತ ಒಂದು ಸಾಲು ಇರುತ್ತದೆ. ಅದು ಎಷ್ಟಿದೆ? ಕೆಂಪು ರಕ್ತಕಣದ ಗಾತ್ರದ ಲೆಕ್ಕ ಅದು. ಸಾಮಾನ್ಯವಾಗಿ 80ರಿಂದ 100ರ ಒಳಗೆ ಇರಬೇಕು. ಎಲ್ಲರೂ ದಪ್ಪ ಅಕ್ಷರದಲ್ಲಿ ಬಂದ ಮೂರು ನಂಬರ್ ನೋಡಿ ಹೆದರಿ ರಿಪೋರ್ಟ್ ಮಡಚಿ ಇಡುತ್ತಾರೆ. ನಿಮ್ಮ ಅಪ್ಪನ ವಿಷಯದಲ್ಲಿ ಜಾಸ್ತಿ ಹೇಳುವುದು ಆ ಸಣ್ಣ ಸಾಲು.

ಇನ್ನೊಂದು, ‘ಪೆರಿಫೆರಲ್ ಸ್ಮಿಯರ್’ ಮಾಡಿದ್ದಾರಾ ನೋಡಿ. ಮೆಷಿನ್ ಎಣಿಸಿ ಕೊಟ್ಟ ಕೌಂಟ್ ಬೇರೆ, ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಪೆಥಾಲಜಿಸ್ಟ್ ಕಣ್ಣಿಂದ ನೋಡಿ ಬರೆದದ್ದು ಬೇರೆ. ಕೆಲವರ ರಕ್ತ ಟ್ಯೂಬಿನೊಳಗಿನ ಇಡಿಟಿಎ ಮದ್ದಿಗೆ ಪ್ಲೇಟ್‌ಲೆಟ್ ಗುಂಪು ಕಟ್ಟಿಕೊಳ್ಳುತ್ತದೆ, ಮೆಷಿನ್ ಅದನ್ನು ಎಣಿಸುವುದಿಲ್ಲ, ಸುಮ್ನೆ ಕಮ್ಮಿ ತೋರಿಸುತ್ತದೆ. ನಿಮ್ಮಪ್ಪನಿಗೆ ಮೂರೂ ಕಮ್ಮಿ ಇರುವುದರಿಂದ ಅದೊಂದೇ ಕಾರಣ ಇರಲಾರದು. ಆದರೂ ಸ್ಮಿಯರ್ ನೋಡದೆ ಮುಂದೆ ಹೋಗಬೇಡಿ. ಕ್ಯಾನ್ಸರ್ ಕಣ ರಕ್ತದಲ್ಲಿ ಓಡಾಡುತ್ತಿದ್ದರೆ ಎಷ್ಟೋ ಸಲ ಅಲ್ಲೇ ಕಾಣುತ್ತದೆ. ಜೊತೆಗೆ ರೆಟಿಕ್ಯುಲೊಸೈಟ್ ಕೌಂಟ್, ಬಿ12, ಫೋಲೇಟ್, ಎಲ್‌ಡಿಎಚ್, ಬಿಲಿರುಬಿನ್, ಥೈರಾಯ್ಡ್, ಎಚ್‌ಐವಿ ಇವನ್ನೂ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಎಲ್ಲ ಬರೀ ರಕ್ತದ ಟೆಸ್ಟ್.

ಮತ್ತೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಬಿ12ಗೆ ರಕ್ತ ಕೊಡುವ ತನಕ ಬಿ12 ಇಂಜೆಕ್ಷನ್ ಆಗಲಿ, ಮೆಡಿಕಲ್ ಸ್ಟೋರಿನ ಶಕ್ತಿ ಟಾನಿಕ್ ಆಗಲಿ ಶುರು ಮಾಡಬೇಡಿ. ಆಮೇಲೆ ಲೆವೆಲ್ ಸುಳ್ಳು ಸುಳ್ಳಾಗಿ ಚೆನ್ನಾಗಿ ಬರುತ್ತದೆ, ನಿಜ ಮುಚ್ಚಿಹೋಗುತ್ತದೆ. ಇಂಥ ಎಷ್ಟೋ ರಿಪೋರ್ಟ್ ನಮ್ಮ ಮೇಜಿನ ಮೇಲೆ ಬರುತ್ತವೆ, ಬೇಜಾರಾಗುತ್ತದೆ.

ಮದ್ದೂರಿನ ಮಗಳು:

ಅಣ್ಣ, ಎಂಸಿವಿ 118 ಅಂತ ಇದೆ. ಸ್ಮಿಯರ್ ರಿಪೋರ್ಟ್ ಇಲ್ಲ. ಪ್ರೈವೇಟ್ ಲ್ಯಾಬಿನಲ್ಲಿ ಮೆಷಿನ್ ಶೀಟ್ ಮಾತ್ರ ಕೊಟ್ಟರು. ಕಣ್ಣು ಸ್ವಲ್ಪ ಹಳದಿ ಅನ್ನಿಸುತ್ತದೆ, ಕಾಮಾಲೆ ಅಂತ ಊರಲ್ಲಿ ಬೇರು ಕಟ್ಟಿಸುವ ಮಾತು ನಡೆದಿದೆ.

ಪೀಜಿ ಡಾಕ್ಟರ್, ಮೆಡಿಸಿನ್:

118ಆ? ಬೇರು ಕಟ್ಟಿಸುವುದು ಬೇಡ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಿಲ್ಲದೆ ಓದಿ. ಅಮ್ಮನಿಗೂ ಓದಿ ಹೇಳಿ.

ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಈ ಮೂರೂ ಹುಟ್ಟುವುದು ಒಂದೇ ಜಾಗದಲ್ಲಿ, ಮೂಳೆ ಒಳಗಿನ ಮಜ್ಜೆಯಲ್ಲಿ, ಬೋನ್ ಮ್ಯಾರೋ ಅನ್ನುವುದು ಇದನ್ನೇ. ಮಗುವಾಗಿದ್ದಾಗ ಬಹುತೇಕ ಎಲ್ಲ ಮೂಳೆಯಲ್ಲೂ ಈ ಕೆಲಸ ನಡೆಯುತ್ತದೆ. ದೊಡ್ಡವರಾದ ಮೇಲೆ ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬು, ಬೆನ್ನೆಲುಬು, ತಲೆಬುರುಡೆ, ತೊಡೆ ಮತ್ತು ತೋಳಿನ ಮೂಳೆಯ ಮೇಲ್ತುದಿ ಇಷ್ಟರಲ್ಲಿ ಉಳಿಯುತ್ತದೆ, ಮಿಕ್ಕ ಕಡೆ ಕೊಬ್ಬು ತುಂಬಿಕೊಳ್ಳುತ್ತದೆ. ಎಲ್ಲಕ್ಕೂ ಮೂಲ ಒಂದೇ ಬಗೆಯ ಕಾಂಡಕೋಶ. ಕೆಂಪು ಕಣ ಬೇಕು ಅಂತ ಆಜ್ಞೆ ಕೊಡುವುದು ಕಿಡ್ನಿ, ಎರಿಥ್ರೊಪೊಯೆಟಿನ್ ಅನ್ನುವ ಹಾರ್ಮೋನಿನ ಮೂಲಕ. ಅದಕ್ಕೇ ಕಿಡ್ನಿ ಕೆಟ್ಟವರಿಗೆ ರಕ್ತ ಕಮ್ಮಿಯಾಗುವುದು. ನಿಮ್ಮಪ್ಪನಿಗೆ ಶುಗರ್ ಇದೆಯಲ್ವಾ, ಕ್ರಿಯಾಟಿನಿನ್ ಕೂಡ ನೋಡಿಸಿ.

ಮಜ್ಜೆಯ ಕೆಲಸ ಎಷ್ಟು ಅಂದರೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ತಯಾರಾಗುತ್ತವೆ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಪ್ಲೇಟ್‌ಲೆಟ್ 7ರಿಂದ 10 ದಿನ, ಕೀವು ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ರಕ್ತದಲ್ಲಿ ಒಂದು ದಿನವೂ ಇರುವುದಿಲ್ಲ. ಹಾಗಾಗಿ ಕಾರ್ಖಾನೆ ಒಮ್ಮೆಲೇ ನಿಂತರೆ ಮೊದಲು ಜ್ವರ, ರಕ್ತಸ್ರಾವ ಬರುತ್ತದೆ, ರಕ್ತಹೀನತೆ ಕಾಣಲು ತಡ. ನಿಮ್ಮಪ್ಪನಿಗೆ ಹಿಮೋಗ್ಲೋಬಿನ್ 6ಕ್ಕೆ ಇಳಿದರೂ ಎದ್ದು ಓಡಾಡುತ್ತಿದ್ದಾರೆ ಅಂದರೆ ಇದು ತಿಂಗಳುಗಟ್ಟಲೆ ನಿಧಾನವಾಗಿ ಆದದ್ದು, ಮೈ ಅದಕ್ಕೆ ಹೊಂದಿಕೊಂಡಿದೆ.

ನಿಮ್ಮ ಕಡೆಯವರಿಗೆ ಒಟ್ಲು, ಅಂದರೆ ಭತ್ತದ ಸಸಿಮಡಿ, ಗೊತ್ತೇ ಇದೆ. ಗದ್ದೆಯಲ್ಲಿ ಪೈರು ತೆಳ್ಳಗಾದರೆ ಒಟ್ಲು ಹೇಗಿದೆ ಅಂತ ನೋಡಬೇಕು. ಒಟ್ಲು ಬರಿದಾಗಿದ್ದರೆ ಅದು ಅಪ್ಲಾಸ್ಟಿಕ್ ಅನೀಮಿಯಾ. ಒಟ್ಲಿನ ತುಂಬ ಕಳೆ ಎದ್ದು ಸಸಿಗೆ ಜಾಗವೇ ಇಲ್ಲದಿದ್ದರೆ ಅದು ಲ್ಯುಕೀಮಿಯಾ, ಅಂದರೆ ಬ್ಲಡ್ ಕ್ಯಾನ್ಸರ್. ಮೂರನೆಯದು, ಒಟ್ಲು ತುಂಬಿ ತುಳುಕುತ್ತಿರುತ್ತದೆ, ಆದರೆ ಸಸಿ ವಿಕಾರವಾಗಿ ದಪ್ಪಗೆ ಬೆಳೆದು ಕೀಳುವ ಮೊದಲೇ ಅಲ್ಲೇ ಕೊಳೆಯುತ್ತದೆ. ಬಿ12 ಅಥವಾ ಫೋಲೇಟ್ ಕೊರತೆ ಇದ್ದಾಗ ಆಗುವುದು ಇದೇ. ಈ ಎರಡು ವಿಟಮಿನ್ ಇಲ್ಲದೆ ಡಿಎನ್‌ಎ ತಯಾರಾಗುವುದಿಲ್ಲ, ಕಣ ಒಡೆದು ಎರಡಾಗಲಾರದೆ ದೊಡ್ಡದಾಗುತ್ತಾ ಹೋಗುತ್ತದೆ, ಎಂಸಿವಿ ಏರುತ್ತದೆ, ಬಹಳಷ್ಟು ಕಣ ಮಜ್ಜೆಯಲ್ಲೇ ಸಾಯುತ್ತವೆ. ಸತ್ತ ಕಣದಿಂದ ಬಿಲಿರುಬಿನ್ ಏರಿ ಕಣ್ಣು ಹಳದಿಯಾಗುತ್ತದೆ. ಕಾಮಾಲೆ ಅಂತ ನೀವು ಅಂದುಕೊಂಡದ್ದು ಅದೇ ಇರಬಹುದು.

ಈಗ ನಿಮ್ಮಪ್ಪನ ಕಥೆ ಜೋಡಿಸಿ. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ರಾಗಿ, ಸೊಪ್ಪು, ಕಾಳಿನಲ್ಲಿ ಇಲ್ಲ. ಲಿವರ್‌ನಲ್ಲಿ ಮೂರು ನಾಲ್ಕು ವರ್ಷಕ್ಕೆ ಆಗುವಷ್ಟು ದಾಸ್ತಾನು ಇರುತ್ತದೆ, ಆದ್ದರಿಂದ ಬಾಡು ಬಿಟ್ಟ ತಕ್ಷಣ ಏನೂ ಗೊತ್ತಾಗುವುದಿಲ್ಲ. ಅದರ ಮೇಲೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಹೀರುವುದು ಕಮ್ಮಿಯಾಗುತ್ತದೆ. ಪಾದದ ಜುಮುಜುಮು ಶುಗರ್‌ನಿಂದಲೂ ಬರಬಹುದು, ಬಿ12 ಕೊರತೆಯಿಂದಲೂ ಬರಬಹುದು. ವಯಸ್ಸು, ಎಂಸಿವಿ, ಹಳದಿ ಕಣ್ಣು, ಮೂರೂ ಕೌಂಟ್ ಕಮ್ಮಿ ಎಲ್ಲ ಸೇರಿಸಿದರೆ ನಾನು ಮೊದಲು ಬಿ12 ಕಡೆ ನೋಡುತ್ತೇನೆ. ನಮ್ಮ ದೇಶದಲ್ಲಿ ಮೂರೂ ಕೌಂಟ್ ಬೀಳುವುದಕ್ಕೆ ಇದು ದೊಡ್ಡ ಕಾರಣಗಳಲ್ಲಿ ಒಂದು, ಮತ್ತೆ ಇಂಜೆಕ್ಷನ್‌ನಲ್ಲಿ ವಾಸಿಯಾಗುವ ಕಾರಣ.

ಹಾಗಂತ ಮ್ಯಾರೋ ಟೆಸ್ಟ್ ಬೇಡ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಈ ವಯಸ್ಸಿನಲ್ಲಿ ಮೈಲೋಡಿಸ್‌ಪ್ಲಾಸಿಯಾ ಅಂತ ಮಜ್ಜೆಯದೇ ಇನ್ನೊಂದು ಕಾಯಿಲೆ ಬರುತ್ತದೆ, ಅದರಲ್ಲೂ ಕಣ ದೊಡ್ಡದಾಗುತ್ತದೆ. ಸ್ಮಿಯರ್‌ನಲ್ಲಿ ಬ್ಲಾಸ್ಟ್ ಅನ್ನುವ ಎಳೆ ಕಣ ಕಂಡರೆ, ಬಿ12 ಸರಿ ಬಂದರೆ, ಅಥವಾ ಇಂಜೆಕ್ಷನ್ ಕೊಟ್ಟ ಮೇಲೂ ಒಂದೆರಡು ವಾರದಲ್ಲಿ ಕೌಂಟ್ ಏರದಿದ್ದರೆ ಟೆಸ್ಟ್ ಮಾಡಿಸಲೇಬೇಕು. ಚೀಟಿ ಬರೆದ ಡಾಕ್ಟರು ತಪ್ಪು ಮಾಡಿಲ್ಲ. ‘ಬೇಕಾಗಬಹುದು’ ಅಂದಿದ್ದಾರೆ ನೋಡಿ.

ಇನ್ನೊಂದು ಎಚ್ಚರಿಕೆ. ಬರೀ ಫೋಲಿಕ್ ಆಸಿಡ್ (ಫೋಲೇಟ್) ಮಾತ್ರೆ ನುಂಗಿಸಬೇಡಿ. ಕೊರತೆ ಬಿ12ದಾಗಿದ್ದರೆ ಫೋಲಿಕ್ ಆಸಿಡ್ ಕೊಟ್ಟಾಗ ರಕ್ತ ಸ್ವಲ್ಪ ಏರಿ ಚೆನ್ನಾಗಾಯಿತು ಅನ್ನಿಸುತ್ತದೆ, ಒಳಗೊಳಗೇ ನರ ಹಾಳಾಗುತ್ತಾ ಹೋಗುತ್ತದೆ. ನರ ಒಂದು ಹಂತ ದಾಟಿದರೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ.

ಇದೇ ಫೋಲಿಕ್ ಆಸಿಡ್ ವಿಷಯ ಬಂದಾಗಲೆಲ್ಲ ನನಗೆ ಇಬ್ಬರ ನೆನಪಾಗುತ್ತದೆ. ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ 1928ರ ಹೊತ್ತಿಗೆ ಬೊಂಬಾಯಿಗೆ ಬಂದು, ಬಸುರಿ ಮಿಲ್ ಕೆಲಸಗಾರ್ತಿಯರಲ್ಲಿ ಇಂಥದೇ ದೊಡ್ಡ ಕಣದ ರಕ್ತಹೀನತೆ ಕಂಡು, ಯೀಸ್ಟ್‌ನಿಂದ ಮಾಡಿದ ಆಹಾರ ಕೊಟ್ಟರೆ ವಾಸಿಯಾಗುತ್ತದೆ ಅಂತ ತೋರಿಸಿದರು. ಆ ಯೀಸ್ಟ್‌ನಲ್ಲಿದ್ದದ್ದು ಫೋಲೇಟ್. ಅದನ್ನು 1945ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಫೋಲಿಕ್ ಆಸಿಡ್ ಕೆಲಸವನ್ನು ತಡೆಯುವ ಔಷಧಿಯೂ ಅವರ ತಂಡದಿಂದಲೇ ಬಂತು, ಅದನ್ನೇ ಸಿಡ್ನಿ ಫಾರ್ಬರ್ ಲ್ಯುಕೀಮಿಯಾ ಬಂದ ಮಕ್ಕಳಿಗೆ ಕೊಟ್ಟು, ಮೊದಲ ಸಲ ಕಾಯಿಲೆ ಕೆಲಕಾಲ ಹಿಂದೆ ಸರಿಯುವುದನ್ನು ಕಂಡರು. ಕಣ ಬೆಳೆಸುವುದೂ ಕಳೆ ತಡೆಯುವುದೂ ಒಂದೇ ವಿಟಮಿನ್ನಿನ ದಾರಿ. ನಮ್ಮ ಕಡೆ ಇವರ ಹೆಸರು ಶಾಲೆ ಪುಸ್ತಕದಲ್ಲಿ ಇರಬೇಕಿತ್ತು ಅನ್ನಿಸುತ್ತದೆ.

ಬಂಡೀಗೌಡನ ಮೊಮ್ಮಗ:

ಡಾಕ್ಟರ್ ಬರೆದದ್ದು ಓದಿ ಸಮಾಧಾನ ಆಯಿತು. ಟೆಸ್ಟ್ ಬಗ್ಗೆ ನಾನು ಹೇಳುತ್ತೇನೆ, ಯಾಕಂದರೆ ನನ್ನ ತಮ್ಮನಿಗೆ ಅಪ್ಲಾಸ್ಟಿಕ್ ಅನೀಮಿಯಾ ಇತ್ತು, ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಬೆನ್ನುಮೂಳೆಯಿಂದ ನೀರು ತೆಗೆಯುವುದು ಬೇರೆಯೇ ಟೆಸ್ಟ್. ಇದು ಸೊಂಟದ ಹಿಂದಿನ ಮೂಳೆಯಿಂದ, ಬೆಲ್ಟ್ ಕಟ್ಟುವ ಜಾಗಕ್ಕಿಂತ ಸ್ವಲ್ಪ ಕೆಳಗೆ. ಅಲ್ಲಿ ಬೆನ್ನುಹುರಿ ಇರುವುದೇ ಇಲ್ಲ. ಮಗ್ಗುಲಾಗಿ ಮಲಗಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿ ಹಾಕಿ ಮೊದಲು ಸ್ವಲ್ಪ ಮಜ್ಜೆ ಎಳೆಯುತ್ತಾರೆ, ಆಮೇಲೆ ಬೇಕಿದ್ದರೆ ಕಡ್ಡಿಯಷ್ಟು ಮೂಳೆ ಚೂರು ತೆಗೆಯುತ್ತಾರೆ. ಎಳೆಯುವ ಆ ಕ್ಷಣ ಕಾಲಿನವರೆಗೆ ಸೆಳೆದ ಹಾಗೆ ಜೋರು ನೋವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕೆಲವು ಸೆಕೆಂಡು ಅಷ್ಟೆ. ಒಟ್ಟು ಅರ್ಧ ಗಂಟೆಯ ಒಳಗೆ ಮುಗಿಯುತ್ತದೆ. ಆಮೇಲೆ ಸ್ವಲ್ಪ ಹೊತ್ತು ಅಂಗಾತ ಮಲಗಿಸಿ ಆ ಜಾಗಕ್ಕೆ ಒತ್ತಡ ಕೊಡುತ್ತಾರೆ. ಅವತ್ತು ಪಟ್ಟಿ ನೆನೆಸಬಾರದು, ಭಾರ ಎತ್ತಬಾರದು. ತೆಗೆದ ಮಜ್ಜೆ ದೇಹಕ್ಕೆ ಲೆಕ್ಕಕ್ಕೇ ಇಲ್ಲ. ನನ್ನ ತಮ್ಮ ಮತ್ತೆ ಟ್ರ್ಯಾಕ್ಟರ್ ಓಡಿಸುತ್ತಾನೆ, ಆಲೆಮನೆ ಕೆಲಸ ಮಾಡುತ್ತಾನೆ, ಹಾಗಾಗಿ ಗೇಯೋಕೆ ಆಗಲ್ಲ ಅನ್ನುವ ಮಾತನ್ನು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಮಜ್ಜೆಯ ರಿಪೋರ್ಟ್ ಬೇಗ ಬರುತ್ತದೆ. ಮೂಳೆ ಚೂರಿನದು ತಡ, ಮೂಳೆಯ ಸುಣ್ಣ ಕರಗಿಸಿ ಮೆತ್ತಗೆ ಮಾಡಿ ನೋಡಬೇಕಲ್ಲ, ವಾರ ಹಿಡಿದರೂ ಗಾಬರಿ ಬೇಡ.

ಪರಂಗಿ ಎಲೆ ರಸ ನಮ್ಮ ಮನೆಯಲ್ಲೂ ಕೊಟ್ಟರು. ವಾಂತಿ ಆಯಿತು, ಪ್ಲೇಟ್‌ಲೆಟ್ ಒಂದಿಂಚೂ ಏರಲಿಲ್ಲ. ಡೆಂಗ್ಯೂನಲ್ಲಿ ಜ್ವರ ಬಿಟ್ಟ ಮೇಲೆ ಪ್ಲೇಟ್‌ಲೆಟ್ ತಾನಾಗೇ ಏರುತ್ತದೆ, ಹೆಸರು ಎಲೆಗೆ ಬರುತ್ತದೆ. ಕಾಲು ಸೂಪ್ ಒಳ್ಳೆಯ ಊಟ, ಆದರೆ ತಿಂದ ಮಜ್ಜೆ ಹೊಟ್ಟೆಯಲ್ಲಿ ಅರಗಿಹೋಗುತ್ತದೆ, ಅದು ಹೋಗಿ ಮೂಳೆ ಸೇರುವುದಿಲ್ಲ.

ಆಮೇಲೆ ಜ್ವರ. ಬಿಳಿ ಕಣ ಕಮ್ಮಿ ಇರುವಾಗ 100.4 ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿಳಿದರಂತೂ ಸಣ್ಣ ಸೋಂಕೂ ಬೇಗ ಕೈಮೀರುತ್ತದೆ. ಒಂದು ಕಡೆ ನಮ್ಮನ್ನು ವೈರಲ್ ಜ್ವರ ಅಂತ ವಾಪಸ್ ಕಳಿಸಿದ್ದರು. ಆ ಜಾಗದ ಹೆಸರು ಬೇಡ, ಆದರೆ ನೀವು ಕೌಂಟ್ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಹೋಗಿ ಮೊದಲೇ ತೋರಿಸಿ.

ಮದ್ದೂರಿನ ಮಗಳು:

ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ನಾಳೆ ಮೈಸೂರಿಗೆ ಕರೆದುಕೊಂಡು ಹೋಗುತ್ತೇವೆ, ಮೆಮು ರೈಲಿನಲ್ಲಿ ಸಾಧ್ಯವಾ ಅಥವಾ ಕಾರು ಮಾಡಬೇಕಾ ಅನ್ನುವ ಯೋಚನೆ. ಚಿಕ್ಕಪ್ಪ, ಅತ್ತೆಯ ಮಕ್ಕಳು ಎಲ್ಲ ರಕ್ತ ಕೊಡಲು ತಯಾರಾಗಿ ಬರುತ್ತೇವೆ ಅನ್ನುತ್ತಿದ್ದಾರೆ. ಮನೆಯವರ ರಕ್ತವೇ ಒಳ್ಳೆಯದಲ್ವಾ? ಎರಡು ಮೂರು ಬಾಟ್ಲಿ ಹಾಕಿಸಿದರೆ ಬೇಗ ಸರಿಹೋಗುತ್ತಾರಾ?

ಪೀಜಿ ಡಾಕ್ಟರ್, ಮೆಡಿಸಿನ್:

ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಮನೆಯವರ ರಕ್ತವನ್ನು ನೇರವಾಗಿ ಅಪ್ಪನಿಗೆ ಹಾಕಿಸಬೇಡಿ. ಎರಡು ಕಾರಣ. ಹತ್ತಿರದ ರಕ್ತಸಂಬಂಧಿಗಳ ರಕ್ತದಲ್ಲಿರುವ ಬಿಳಿ ಕಣವನ್ನು ಅಪ್ಪನ ದೇಹ ಪರಕೀಯ ಅಂತ ಗುರುತಿಸದೆ ಬಿಟ್ಟುಬಿಡಬಹುದು, ಆ ಕಣಗಳು ತಿರುಗಿ ಅಪ್ಪನ ದೇಹದ ಮೇಲೆಯೇ ಬೀಳುವ ಅಪಾಯ ಅಪರೂಪ, ಆದರೆ ಬಂದರೆ ಉಳಿಸುವುದು ಬಹಳ ಕಷ್ಟ. ಎರಡನೆಯದು, ಅಕಸ್ಮಾತ್ ಮುಂದೆ ಮಜ್ಜೆ ಕಸಿ ಬೇಕಾಯಿತು ಅಂದುಕೊಳ್ಳಿ. ಆಗ ಮೊದಲು ನೋಡುವುದೇ ಒಡಹುಟ್ಟಿದವರನ್ನು, ಒಬ್ಬೊಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವರ ರಕ್ತ ಈಗಲೇ ಹಾಕಿಸಿದರೆ ಅಪ್ಪನ ದೇಹ ಅದರ ವಿರುದ್ಧ ಎದ್ದು ನಿಂತು ಆಮೇಲೆ ಅದೇ ಮಜ್ಜೆಯನ್ನು ತಿರಸ್ಕರಿಸಬಹುದು. ಚಿಕ್ಕಪ್ಪನವರು ಬರಲಿ, ಬ್ಲಡ್ ಬ್ಯಾಂಕಿಗೆ ರಕ್ತ ಕೊಡಲಿ, ಬದಲಿಗೆ ಬೇರೆಯವರ ಚೀಲ ತೆಗೆದುಕೊಳ್ಳಲಿ. ‘ಇದು ಸಂಬಂಧಿಕರ ರಕ್ತ, ಇದೇ ರೋಗಿಗೆ ಬೇಡ’ ಅಂತ ಬಾಯಿಬಿಟ್ಟು ಹೇಳಿ.

ಬಾಟ್ಲಿ ಲೆಕ್ಕವೂ ಜಾಸ್ತಿ ಬೇಡ. ನಿಧಾನವಾಗಿ ರಕ್ತ ಕಮ್ಮಿಯಾದವರ ಹೃದಯ ಈಗಾಗಲೇ ದುಡಿದು ದಣಿದಿರುತ್ತದೆ. ಒಟ್ಟಿಗೆ ಎರಡು ಮೂರು ಚೀಲ ಏರಿಸಿದರೆ ಶ್ವಾಸಕೋಶಕ್ಕೆ ನೀರು ತುಂಬಬಹುದು. ಎದೆನೋವು, ಕೂತಲ್ಲೇ ಏದುಸಿರು ಇದ್ದರೆ ಒಂದು ಚೀಲ, ನಿಧಾನವಾಗಿ ಏರಿಸುತ್ತಾರೆ. ಬಿ12 ಕೊರತೆಯೇ ಆಗಿದ್ದರೆ ಇಂಜೆಕ್ಷನ್ ಶುರುವಾಗಿ ಒಂದು ವಾರಕ್ಕೆ ಹೊಸ ಎಳೆ ಕೆಂಪು ಕಣ (ರೆಟಿಕ್ಯುಲೊಸೈಟ್) ಭರ್ತಿ ಏರುತ್ತವೆ, ಪ್ಲೇಟ್‌ಲೆಟ್, ಬಿಳಿ ಕಣ ಕೆಲವು ವಾರದಲ್ಲಿ ಸರಿಯಾಗುತ್ತವೆ, ಹಿಮೋಗ್ಲೋಬಿನ್‌ಗೆ ಎರಡು ತಿಂಗಳು ಬೇಕು. ಮೊದಲ ದಿನಗಳಲ್ಲಿ ಪೊಟ್ಯಾಸಿಯಂ ಇಳಿಯಬಹುದು, ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಾರೆ.

6.2 ಇಟ್ಟುಕೊಂಡು ರೈಲು, ಸ್ಟೇಷನ್ ಮೆಟ್ಟಿಲು ಬೇಡ. ಕಾರು ಮಾಡಿ. ದೊಡ್ಡಾಸ್ಪತ್ರೆಗೆ ಬರುವುದಾದರೆ ಬೆಳಿಗ್ಗೆಯೇ ಬನ್ನಿ, ಮೆಡಿಸಿನ್ ಓಪಿಡಿಯಲ್ಲಿ ತೋರಿಸಿ. ಇಲ್ಲಿ ಪೆಥಾಲಜಿಯವರೂ ಇರುತ್ತಾರೆ. ಅಪ್ಪ ತಿನ್ನುವ ಎಲ್ಲ ಮಾತ್ರೆಯ ಚೀಟಿ ತನ್ನಿ. ಕೀಲುನೋವಿಗೆ ವಾರಕ್ಕೊಂದು ಮಾತ್ರೆ ಅಂತ ಏನಾದರೂ ಇದ್ದರೆ ಮರೆಯದೆ ಹೇಳಿ, ಮೆಥೊಟ್ರೆಕ್ಸೇಟ್ ಅನ್ನುವುದು ಹಾಗೆ ಕೊಡುವ ಔಷಧಿ, ಅದೂ ಮೂರೂ ಕೌಂಟ್ ಇಳಿಸುತ್ತದೆ. ಊರಿನ ನಾಟಿ ಪುಡಿ, ಗದ್ದೆಗೆ ಹೊಡೆಯುವ ಔಷಧಿಯ ಹೆಸರು, ಕುಡಿಯುವ ಅಭ್ಯಾಸ ಇದ್ದರೆ ಅದೂ ಬೇಕು. ಮುಚ್ಚಿಟ್ಟರೆ ನಮಗೆ ದಾರಿ ತಪ್ಪುತ್ತದೆ.

ಲ್ಯಾಬಿನವನು, ಮೈಸೂರು:

ರೇಷನ್ ಕಾರ್ಡ್, ಆಧಾರ್ ಎರಡರ ಮೂಲಪ್ರತಿಯೂ ಜೆರಾಕ್ಸೂ ಇಟ್ಟುಕೊಳ್ಳಿ ಅಕ್ಕ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮುಂದೆ ಬೇರೆ ಆಸ್ಪತ್ರೆಗೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ಹಾಗಾದರೂ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲಿಂದಲೇ ಬರೆಸಿಕೊಳ್ಳಿ.

ಮಂಡ್ಯದಲ್ಲಿ ಮಾಡಿದ ಮೆಷಿನ್ ಶೀಟ್ ಬಿಸಾಡಬೇಡಿ. ಹೊಸ ಕೌಂಟ್ ಜೊತೆ ಹೋಲಿಸಬೇಕಾಗುತ್ತದೆ. ರಕ್ತ ತೆಗೆದ ಮೇಲೆ ಸೂಜಿ ಚುಚ್ಚಿದ ಕಡೆ ಅಪ್ಪನಿಗೆ ಐದು ಹತ್ತು ನಿಮಿಷ ಚೆನ್ನಾಗಿ ಒತ್ತಿ ಹಿಡಿಯಲು ಹೇಳಿ, ಪ್ಲೇಟ್‌ಲೆಟ್ ಕಮ್ಮಿ ಇರುವುದರಿಂದ ನೀಲಿಗಟ್ಟುತ್ತದೆ. ವಸಡಿನಲ್ಲಿ ರಕ್ತ, ಕಪ್ಪು ಮಲ, ಮೈಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿ, ಜೋರು ತಲೆನೋವು ಇವುಗಳಲ್ಲಿ ಯಾವುದಾದರೂ ಇವತ್ತು ರಾತ್ರಿಯೇ ಕಂಡರೆ ನಾಳೆಯವರೆಗೆ ಕಾಯಬೇಡಿ, ಮಂಡ್ಯದ ಸರ್ಕಾರಿ ಮಿಮ್ಸ್ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬಿ12 ರಿಪೋರ್ಟ್ ಬಂದಾಗ ಇಲ್ಲೇ ನಂಬರ್ ಹಾಕಿ.